ಮೊದಲು ಯಾರಿಗೆ ಎಂದು ಕೇಳಿದವರು

ಕರ್ನಾಟಕದಲ್ಲಿ ಟಿವಿ ಮೊದಲು ಎಲ್ಲಿಗೆ ಬಂತು ಎಂದು ಕೇಳಿದರೆ ಹೆಚ್ಚಿನವರು ಬೆಂಗಳೂರು ಅನ್ನುತ್ತಾರೆ. ಕಲಬುರಗಿಯ ನನ್ನ ತರಗತಿಯ ಮಕ್ಕಳೂ ಹಾಗೇ ಅನ್ನುತ್ತಾರೆ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಂದು, ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಟಿವಿ ಮುಂದೆ ಕೂತಿದ್ದರು. ಟವರ್ ಇರಲಿಲ್ಲ, ಕೇಬಲ್ ಇರಲಿಲ್ಲ. ಕರೆಂಟ್ ಇಲ್ಲದ ಊರುಗಳಲ್ಲಿ ಬ್ಯಾಟರಿ ಮೇಲೆ ನಡೆಯುತ್ತಿತ್ತು. ಕಾರ್ಯಕ್ರಮ ನೇರವಾಗಿ ಉಪಗ್ರಹದಿಂದ ಇಳಿಯುತ್ತಿತ್ತು. ಇಂದಿನ ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು.

ಈ ಭಾಗದಲ್ಲಿ ಹುಟ್ಟಿದವರು ಚಿಕ್ಕಂದಿನಿಂದ ಒಂದು ಮಾತು ಕೇಳುತ್ತಲೇ ಬೆಳೆಯುತ್ತಾರೆ. ನಮಗೆ ಎಲ್ಲವೂ ಕೊನೆಗೆ ಬರುತ್ತದೆ ಅನ್ನುವ ಮಾತು. ಅದರಲ್ಲಿ ಸುಳ್ಳೇನೂ ಇಲ್ಲ. ಸಂವಿಧಾನಕ್ಕೆ 371(ಜೆ) ವಿಧಿ ಸೇರಿಸಿ ಕಲಬುರಗಿ ಭಾಗಕ್ಕೆ ವಿಶೇಷ ಸ್ಥಾನ ಕೊಡಬೇಕಾಗಿ ಬಂತು ಅಂದರೆ ಎಷ್ಟು ಹಿಂದೆ ಉಳಿದಿದ್ದೆವು ಎಂದು ಬೇರೆ ಹೇಳಬೇಕಿಲ್ಲ. ಆದರೆ ಒಂದು ಸಲ, ಒಂದೇ ಒಂದು ವಿಷಯದಲ್ಲಿ, ರಾಜಧಾನಿಗಿಂತ ಮೊದಲು ನಮಗೆ ಬಂತು. ಅದೂ ಆ ಕಾಲದ ಅತಿ ಹೊಸ ತಂತ್ರಜ್ಞಾನ.

ಅದು ಹೇಗೆ ಸಾಧ್ಯವಾಯಿತು? ಅದು ತಾನಾಗಿಯೇ ಆದದ್ದಲ್ಲ. ಕೆಲವರು ಕೂತು, ಯೋಚಿಸಿ, ಹೀಗೇ ಆಗಬೇಕು ಎಂದು ತೀರ್ಮಾನ ಮಾಡಿದ್ದರು. ಬಾಹ್ಯಾಕಾಶ ವಿಜ್ಞಾನದಲ್ಲಿ ನಾಯಕತ್ವ ಅಂದರೆ ಏನು ಎಂದು ಮಕ್ಕಳು ಕೇಳಿದಾಗ ನಾನು ರಾಕೆಟ್ಟಿನಿಂದ ಶುರು ಮಾಡುವುದಿಲ್ಲ. ಈ ತೀರ್ಮಾನದಿಂದ ಶುರು ಮಾಡುತ್ತೇನೆ.

ಭಾರತದ ಬಾಹ್ಯಾಕಾಶ ಕೆಲಸಕ್ಕೆ ಬುನಾದಿ ಹಾಕಿದ ವಿಕ್ರಮ್ ಸಾರಾಭಾಯಿ ಎಂದೊಡನೆ ಎಲ್ಲರಿಗೂ ‘ತುಂಬಾ’ ಎಂಬ ಊರು ನೆನಪಾಗುತ್ತದೆ. 1963ರ ನವೆಂಬರ್ 21, ಕೇರಳದ ಕಡಲ ತೀರ, ಚರ್ಚಿನ ಕಟ್ಟಡದಲ್ಲಿ ಕಚೇರಿ, ಸೈಕಲ್ ಮೇಲೆ ರಾಕೆಟ್ಟಿನ ಭಾಗ. ಆ ಚಿತ್ರ ಚೆನ್ನಾಗಿದೆ. ಆದರೆ ನನಗೆ ಅವರು ದೊಡ್ಡವರಾಗಿ ಕಾಣುವುದು ಬೇರೆ ಕಾರಣಕ್ಕೆ. ಅರವತ್ತರ ದಶಕದಲ್ಲಿ ದೇಶದಲ್ಲಿ ಟಿವಿ ಇದ್ದದ್ದು ದೆಹಲಿಯೊಂದರಲ್ಲೇ. ಮುಂದೆ ಹೇಗೆ ಹರಡಬೇಕು ಎಂಬ ಚರ್ಚೆ ನಡೆಯುತ್ತಿತ್ತು. ರೂಢಿಯ ದಾರಿ ಸುಲಭ. ದೊಡ್ಡ ನಗರಕ್ಕೊಂದು ಟವರ್, ಆಮೇಲೆ ಸಣ್ಣ ನಗರಕ್ಕೆ, ಆಮೇಲೆ ಪಟ್ಟಣಕ್ಕೆ. ಹಳ್ಳಿಗೆ ಬರುವಷ್ಟರಲ್ಲಿ ಒಂದು ತಲೆಮಾರು ಕಳೆದಿರುತ್ತದೆ. ಸಾರಾಭಾಯಿ ಇದನ್ನು ತಿರುಗಿಸಿ ನೋಡಿದರು. ಉಪಗ್ರಹಕ್ಕೆ ದೆಹಲಿಯೂ ಒಂದೇ, ಜೇವರ್ಗಿಯೂ ಒಂದೇ. ದೂರ ಅನ್ನುವುದೇ ಅದಕ್ಕೆ ಇಲ್ಲ. ಹಾಗಿದ್ದ ಮೇಲೆ ಯಾರಿಗೆ ಬೇರೇನೂ ತಲುಪಿಲ್ಲವೋ ಅವರಿಂದಲೇ ಯಾಕೆ ಶುರು ಮಾಡಬಾರದು?

ಈ ಟಿವಿ ಪ್ರಯೋಗಕ್ಕಾಗಿ 1969ರಲ್ಲಿ ಭಾರತದ ಅಣುಶಕ್ತಿ ಇಲಾಖೆ ಮತ್ತು ಅಮೆರಿಕದ ನಾಸಾ ನಡುವೆ ಒಪ್ಪಂದವಾಯಿತು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಭಾರತಕ್ಕೆ ಬಳಸಲು ಕೊಡುವುದು. ನೆಲದ ಮೇಲಿನ ಎಲ್ಲ ಕೆಲಸ, ಕಾರ್ಯಕ್ರಮ ತಯಾರಿ, ಟಿವಿ ಸೆಟ್ಟು, ಡಿಶ್, ದುರಸ್ತಿ, ಎಲ್ಲ ನಮ್ಮದು. ಸಾರಾಭಾಯಿ ಇದನ್ನು ಕಣ್ಣಾರೆ ನೋಡಲಿಲ್ಲ. 1971ರ ಡಿಸೆಂಬರ್ 30ರಂದು, 52ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ಹೊಣೆ ಇಸ್ರೊ ಅಧ್ಯಕ್ಷರಾಗಿ ಬಂದ ಸತೀಶ್ ಧವನ್ ಅವರ ಮೇಲೆ ಬಿತ್ತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ಯಶ್ ಪಾಲ್ ಇದ್ದರು, ಏಕನಾಥ ಚಿಟ್ನಿಸ್ ಇದ್ದರು. ಒಬ್ಬ ನಾಯಕ ಹೋದ ಮೇಲೂ ಅವನು ಎತ್ತಿದ ಪ್ರಶ್ನೆ ಉಳಿಯುತ್ತದೆಯೇ ಇಲ್ಲವೇ ಎಂಬುದರಲ್ಲಿ ಅವನ ನಿಜವಾದ ಅಳತೆ ಇದೆ ಎಂದು ನನಗೆ ಅನಿಸುತ್ತದೆ. ಇಲ್ಲಿ ಅದು ಉಳಿಯಿತು.

ಇದರ ಎಂಜಿನಿಯರಿಂಗ್ ನನಗೆ ತುಂಬಾ ಇಷ್ಟ. ಎಟಿಎಸ್-6ರ ಆಂಟೆನಾ ಒಂಬತ್ತು ಮೀಟರ್ ಅಗಲ. ಆಕಾಶಕ್ಕೆ ಹೋದ ಮೇಲೆ ಛತ್ರಿಯಂತೆ ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ದೊಡ್ಡ ಆಂಟೆನಾ ಮೇಲಿದ್ದುದರಿಂದ ಕೆಳಗೆ ಸಿಗ್ನಲ್ ಗಟ್ಟಿಯಾಗಿ ಸಿಗುತ್ತಿತ್ತು. ಕೆಳಗಿನ ಡಿಶ್ ಅಗ್ಗದ್ದಾದರೂ ನಡೆಯುತ್ತಿತ್ತು. ಹಾಗಾಗಿ ಕೋಳಿ ಗೂಡಿಗೆ ಹಾಕುವ ತಂತಿ ಜಾಲರಿಯಿಂದಲೇ ಸುಮಾರು ಮೂರು ಮೀಟರ್ ಅಗಲದ ಡಿಶ್ ಮಾಡಿದರು. ಸೆಟ್ಟುಗಳನ್ನು ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ತಯಾರಿಸಿತು. ಒಂದೇ ಚಿತ್ರದ ಜೊತೆಗೆ ಎರಡು ಧ್ವನಿ ಕಳಿಸುವ ವ್ಯವಸ್ಥೆಯೂ ಇತ್ತು. ಅಂದರೆ ಅದೇ ಚಿತ್ರಕ್ಕೆ ಎರಡು ಭಾಷೆಗಳ ಮಾತು ಕೂಡಿಸಬಹುದಿತ್ತು.

ಖರ್ಚು ಮತ್ತು ಕಷ್ಟವನ್ನೆಲ್ಲ ಆಕಾಶಕ್ಕೆ ಹಾಕಿ, ಬಳಸುವವರ ಕಡೆ ಸಲೀಸು ಮಾಡಿದರು. ಕೇಳುವವನು ಬಡವ ಎಂದು ಮೊದಲೇ ಒಪ್ಪಿಕೊಂಡಿದ್ದರಿಂದ ಈ ವಿನ್ಯಾಸ ಹುಟ್ಟಿತು. ನಗರದವರಿಗಾಗಿ ಮಾಡಿದ್ದರೆ ಜಾಲರಿಯ ಡಿಶ್ ಬಗ್ಗೆ ಯಾರೂ ಯೋಚಿಸುತ್ತಿರಲಿಲ್ಲ. ಹೊಸತನ ಅನ್ನುವುದು ಜಾಣ ತಲೆಗಳಿಂದ ಮಾತ್ರ ಬರುವುದಿಲ್ಲ. ಅವರ ಮುಂದೆ ಯಾರನ್ನು ಕೂರಿಸಿ ಕೆಲಸ ಮಾಡಿಸುತ್ತೀರಿ ಎಂಬುದರಿಂದಲೂ ಬರುತ್ತದೆ. ಆ ಆಯ್ಕೆ ನಾಯಕನದು.

ಆರು ರಾಜ್ಯ, 20 ಜಿಲ್ಲೆ, ಸುಮಾರು 2,400 ಹಳ್ಳಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಹಾಡು ನಾಟಕ. ನನ್ನ ಕಾಕಾ ಆಗ ಭೀಮಾ ತೀರದ ಒಂದು ಊರಿನಲ್ಲಿ ಏಳನೇ ಇಯತ್ತೆ ಓದುತ್ತಿದ್ದರು. ಅವರನ್ನು ಕೇಳಿದರೆ ಈಗಲೂ ನಿನ್ನೆ ನಡೆದ ಹಾಗೆ ಹೇಳುತ್ತಾರೆ.

"ಸಾಲಿ ಮುಂದ ಮಂದಿ ಅಂದ್ರ ಮಂದಿ, ತಮ್ಮಾ. ಹೆಣ್ಮಕ್ಕಳು ಒಂದ್ ಕಡಿ, ಗಂಡಸ್ರು ಒಂದ್ ಕಡಿ ಕುಂತಿದ್ರು. ಡಬ್ಬಿ ಒಳಗಿಂದ ಕನ್ನಡದಾಗ ಮಾತಾಡ್ಲತ್ತಾರ. ನಮ್ಮವ್ವ ಮಾರಿ ಮ್ಯಾಲಿನ ಸೆರಗು ತೆಗೀಲಿಲ್ಲ ನೋಡು. ಡಬ್ಬಿ ಒಳಗಿನವ್ರು ತನ್ನ ನೋಡ್ತಾರ ಅಂತ ತಿಳಿದಿದ್ಲು."

"ಏನ್ ತೋರಿಸ್ತಿದ್ರು ಕಾಕಾ?"

"ಬೀಜಕ್ಕ ಔಷಧ ಹಚ್ಚೋದು ತೋರಿಸ್ತಿದ್ರು. ಕೂಸಿಗೆ ಭೇದಿ ಆದ್ರ ಏನ್ ಕುಡಿಸ್ಬೇಕು ಅಂತ ಹೇಳ್ತಿದ್ರು. ನಮ್ಮವ್ವ ಅದೊಂದು ಖರೇನೇ ಕಲಿತ್ಲು."

ಅವರ ನೆನಪಿನಲ್ಲಿ ಇನ್ನೂ ಒಂದು ಸಂಗತಿ ಇದೆ. ಊರಲ್ಲಿ ಒಬ್ಬ ಹುಡುಗ ಬಂದು ಉಳಿದುಕೊಂಡಿದ್ದನಂತೆ. ಟಿವಿ ನೋಡುವುದು ಬಿಟ್ಟು ಟಿವಿ ನೋಡುವ ಜನರನ್ನು ನೋಡುತ್ತಿದ್ದನಂತೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದನಂತೆ. ಇದು ಕಾಕಾನ ಕಲ್ಪನೆಯಲ್ಲ. ಆ ಪ್ರಯೋಗದಲ್ಲಿ ಮಾನವಶಾಸ್ತ್ರ ಓದಿದವರನ್ನು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಇರಿಸಿದ್ದರು. ಜನ ನಿಜವಾಗಿ ಏನು ನೋಡುತ್ತಾರೆ, ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ದಾಖಲಿಸಲು. ಒಂದು ರಾಕೆಟ್ ಸಂಸ್ಥೆ ಹಳ್ಳಿಯ ಕಟ್ಟೆಯ ಮೇಲೆ ಕೂರಲು ಸಮಾಜವಿಜ್ಞಾನಿಯನ್ನು ಕಳಿಸಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ನಾಸಾ ತನ್ನ ಉಪಗ್ರಹವನ್ನು ವಾಪಸ್ ಸರಿಸಿತು. ಪರದೆ ಖಾಲಿಯಾಯಿತು. ನೋಡುತ್ತಿದ್ದ ಮಂದಿಗೆ ಅದು ಅನ್ಯಾಯವೇ ಅನಿಸಿರಬೇಕು. 1977ರಲ್ಲಿ ಗುಲಬರ್ಗಾದಲ್ಲೇ ದೂರದರ್ಶನ ಕೇಂದ್ರ ಶುರುವಾಗಿ ಸ್ವಲ್ಪ ಸಮಾಧಾನವಾಯಿತು, ಆದರೆ ಅದರ ಟವರ್ ತಲುಪಿದ ಹಳ್ಳಿಗಳಿಗೆ ಮಾತ್ರ. ಉಪಗ್ರಹ ಮತ್ತೆ ಸಿಗಲು 1983ರಲ್ಲಿ ಭಾರತದ ಇನ್ಸಾಟ್-1ಬಿ ಹಾರುವವರೆಗೆ ಕಾಯಬೇಕಾಯಿತು. ಆದರೂ ಆ ಒಂದು ವರ್ಷ ವ್ಯರ್ಥವಾಗಲಿಲ್ಲ. ಅಲ್ಲಿ ಕಲಿತದ್ದು ಇನ್ಸಾಟ್‌ಗೆ ಹೋಯಿತು. ಫೋನು, ಟಿವಿ, ರೇಡಿಯೊ, ಹವಾಮಾನ, ಎಲ್ಲವನ್ನೂ ಒಂದೇ ಉಪಗ್ರಹದಲ್ಲಿ ಕೂಡಿಸುವ ಯೋಚನೆ ಆಗ ಹೊರಗೆ ಅಪರೂಪ. ಅದಕ್ಕಾಗಿ ಅಂಚೆ ಮತ್ತು ತಂತಿ ಇಲಾಖೆ, ಹವಾಮಾನ ಇಲಾಖೆ, ಆಕಾಶವಾಣಿ, ದೂರದರ್ಶನ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಬೇಕಿತ್ತು. ಸರ್ಕಾರಿ ಇಲಾಖೆಗಳನ್ನು ಹಾಗೆ ಕೂರಿಸುವುದು ಎಷ್ಟು ಕಷ್ಟ ಎಂದು ನಮಗೆ ಗೊತ್ತಲ್ವಾ. ಧವನ್ ಅವರ ಬಗ್ಗೆ ಎಲ್ಲರೂ ಹೇಳುವ ಕತೆ ಒಂದೇ. 1979ರಲ್ಲಿ ಎಸ್‌ಎಲ್‌ವಿ-3 ರಾಕೆಟ್ ಬಿದ್ದಾಗ ಪತ್ರಕರ್ತರ ಮುಂದೆ ತಾವೇ ನಿಂತರು, 1980ರಲ್ಲಿ ಗೆದ್ದಾಗ ಆ ಯೋಜನೆ ನಡೆಸಿದ ಕಲಾಂ ಅವರನ್ನು ಮುಂದೆ ಕಳಿಸಿದರು. ಆ ಕತೆ ದೊಡ್ಡದೇ. ಆದರೆ ಇನ್ಸಾಟ್‌ಗಾಗಿ ಇಲಾಖೆಗಳನ್ನು ಕೂಡಿಸಿದ ತಾಳ್ಮೆಯ ಕೆಲಸವೂ ಅಷ್ಟೇ ದೊಡ್ಡದು ಎಂದು ನಾನು ನಂಬಿದ್ದೇನೆ.

ಈಗ ತೊಗರಿಗೆ ಬರುತ್ತೇನೆ. ಕಲಬುರಗಿಯವನು ಬರೆದರೆ ತೊಗರಿ ಬರದೆ ಇರುತ್ತದೆಯೇ?

2022ರ ಹಂಗಾಮು ನಮ್ಮ ಕಡೆಯವರು ಮರೆಯುವುದಿಲ್ಲ. ಮಳೆ ಜಾಸ್ತಿಯಾಗಿತ್ತು, ಆದರೂ ಬೆಳೆ ಎದೆ ಮಟ್ಟ ಬೆಳೆದು ನಿಂತಿತ್ತು. ಹೂವು ಕಾಯಿ ಹಿಡಿಯುವ ಹೊತ್ತಿಗೆ ನೆಟೆ ರೋಗ ಬಿತ್ತು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಇತ್ತು. ಮುಂದೆ ಒಣಗಿ ನಿಂತ ಗಿಡ. ಹಬ್ಬದ ಊಟ ಯಾರ ಗಂಟಲಲ್ಲೂ ಇಳಿಯಲಿಲ್ಲ. ನಮ್ಮ ತಮ್ಮ ಒಂದು ಗಿಡ ಕಿತ್ತು ಕಾಂಡ ಸೀಳಿ ತೋರಿಸಿದ. ಒಳಗೆ ಕಂದು ಗೆರೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹತ್ತಿ ನೀರಿನ ದಾರಿಯನ್ನೇ ಕಟ್ಟಿಬಿಡುತ್ತದೆ. ನೀರು ಇದ್ದರೂ ಗಿಡ ಒಣಗುತ್ತದೆ.

ಆ ಸಂಜೆ ನನಗೆ ಪಿ. ಆರ್. ಪಿಶಾರೋಟಿ ನೆನಪಾದರು. ಭಾರತದ ದೂರಸಂವೇದನೆಯ, ಅಂದರೆ ಮೇಲಿನಿಂದ ನೆಲ ನೋಡುವ ವಿದ್ಯೆಯ, ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಹವಾಮಾನ ವಿಜ್ಞಾನಿ. ಅವರನ್ನು ಬಾಹ್ಯಾಕಾಶದ ಕೆಲಸಕ್ಕೆ ಕರೆತಂದದ್ದು ಸಾರಾಭಾಯಿಯೇ. ಆಗ ಭಾರತಕ್ಕೆ ಸ್ವಂತ ಉಪಗ್ರಹ ಇರಲಿಲ್ಲ. 1970ರ ಸುಮಾರಿಗೆ ಪಿಶಾರೋಟಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಅವಕೆಂಪು ಬೆಳಕನ್ನು ಹಿಡಿಯುವ ಫಿಲ್ಮ್ ಹಾಕಿದ ಕ್ಯಾಮೆರಾದಿಂದ ಚಿತ್ರ ತೆಗೆಸಿದರು. ತೆಂಗಿಗೆ ಬೇರು ರೋಗ ಬಿದ್ದಿತ್ತು. ಯಾವ ಮರಕ್ಕೆ ರೋಗ ಬಂದಿದೆ ಎಂದು ಮೇಲಿನಿಂದ ತಿಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ತಿಳಿಯಿತು.

ಅದು ಹೇಗೆ ಅಂದರೆ, ಆರೋಗ್ಯವಾಗಿರುವ ಎಲೆ ಅವಕೆಂಪು ಬೆಳಕನ್ನು ತುಂಬಾ ವಾಪಸ್ ಕಳಿಸುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ರೋಗ ಬಂದ ಎಲೆಯೊಳಗಿನ ರಚನೆ ಕೆಡುತ್ತದೆ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಎಷ್ಟೋ ಸಲ ಎಲೆ ಹಳದಿಯಾಗುವ ಮೊದಲೇ ಈ ಬದಲಾವಣೆ ಶುರುವಾಗಿರುತ್ತದೆ. ರೈತನ ಕಣ್ಣಿಗಿಂತ ಮೊದಲು ಕ್ಯಾಮೆರಾಕ್ಕೆ ಗೊತ್ತಾಗುತ್ತದೆ.

ಯೋಚಿಸಿ ನೋಡಿ. ಮೇಲಿನಿಂದ ನೆಲ ನೋಡುವ ವಿದ್ಯೆ ನಮ್ಮ ದೇಶದಲ್ಲಿ ಗಡಿ ಕಾಯುವುದರಿಂದ ಶುರುವಾಗಲಿಲ್ಲ. ರೋಗ ಬಂದ ತೆಂಗಿನ ಮರದಿಂದ ಶುರುವಾಯಿತು. ಅಲ್ಲಿಂದ ಮುಂದಕ್ಕೆ ಒಯ್ದವರಲ್ಲಿ ನಮ್ಮ ಉಡುಪಿಯ ಅದಮಾರಿನ ಯು. ಆರ್. ರಾವ್ ದೊಡ್ಡವರು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಕಟ್ಟಿದವರು. ಅದು 1975ರ ಏಪ್ರಿಲ್ 19ರಂದು ಹಾರಿತು. ಅವರು ಇಸ್ರೊ ಅಧ್ಯಕ್ಷರಾಗಿದ್ದಾಗ 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಹಾರಿತು. ನೆಲ ನೋಡುವ ನಮ್ಮ ಮೊದಲ ಪೂರ್ಣ ಪ್ರಮಾಣದ ಉಪಗ್ರಹ. ಅಂತರ್ಜಲ ಎಲ್ಲಿದೆ, ಬಂಜರು ಎಷ್ಟಿದೆ, ಬರ ಎಲ್ಲಿ ಬಿದ್ದಿದೆ ಎಂಬ ನಕ್ಷೆಗಳು ಆ ಸಾಲಿನ ಉಪಗ್ರಹಗಳಿಂದ ಬಂದವು. ಆ ಚಿತ್ರಗಳು ಇಳಿಯುವ ಕೇಂದ್ರ ನಮ್ಮಿಂದ ಏನೂ ದೂರವಿಲ್ಲ. ವಾಡಿ, ತಾಂಡೂರು ದಾಟಿ ಹೈದರಾಬಾದಿಗೆ ಹೋದರೆ ಅಲ್ಲೇ ರಾಷ್ಟ್ರೀಯ ದೂರಸಂವೇದಿ ಕೇಂದ್ರ.

ಅಮೆರಿಕದಲ್ಲಿ ಇದೇ ಕೆಲಸದ ಮೊದಲ ಹೆಸರು ಲ್ಯಾಂಡ್‌ಸ್ಯಾಟ್. 1972ರಲ್ಲಿ ಹಾರಿತು. ನೆಲವನ್ನು ಹಲವು ಬಣ್ಣಪಟ್ಟಿಗಳಲ್ಲಿ ನೋಡುವ ಅದರ ಮಲ್ಟಿಸ್ಪೆಕ್ಟ್ರಲ್ ಸ್ಕ್ಯಾನರ್ ಅನ್ನು ವಿನ್ಯಾಸ ಮಾಡಿದವರು ವರ್ಜೀನಿಯಾ ನಾರ್ವುಡ್ ಎಂಬ ಮಹಿಳೆ. ಅದೇ ಉಪಗ್ರಹದಲ್ಲಿ ಟಿವಿ ಕ್ಯಾಮೆರಾದಂಥ ಇನ್ನೊಂದು ಉಪಕರಣ ಇತ್ತು. ಅದೇ ಮುಖ್ಯ, ಇವರದು ಪಕ್ಕದ್ದು ಎಂದು ಎಲ್ಲರೂ ತಿಳಿದಿದ್ದರು. ಹಾರಿದ ಮೇಲೆ ಗೆದ್ದದ್ದು ನಾರ್ವುಡ್ ಅವರ ಸ್ಕ್ಯಾನರ್. ಆದರೆ ನನಗೆ ಲ್ಯಾಂಡ್‌ಸ್ಯಾಟ್ ಕತೆಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೆಲೆ. ಎಂಬತ್ತರ ದಶಕದಲ್ಲಿ ಆ ಚಿತ್ರಗಳನ್ನು ಮಾರಲು ಖಾಸಗಿ ಕಂಪನಿಗೆ ಕೊಟ್ಟರು. ಒಂದೊಂದು ಚಿತ್ರಕ್ಕೆ ಸಾವಿರಾರು ಡಾಲರ್ ಆಯಿತು. ಬಡ ದೇಶದ ವಿಶ್ವವಿದ್ಯಾಲಯ ಎಲ್ಲಿಂದ ಕೊಡಬೇಕು? ಉಪಗ್ರಹ ಮೇಲಿತ್ತು, ಚಿತ್ರ ತೆಗೆಯುತ್ತಿತ್ತು, ನೋಡುವವರು ಕಡಿಮೆ. 2008ರಲ್ಲಿ ಅಮೆರಿಕದ ಭೂವಿಜ್ಞಾನ ಇಲಾಖೆ ಇಡೀ ಸಂಗ್ರಹವನ್ನು ಜಗತ್ತಿಗೆ ಉಚಿತವಾಗಿ ತೆರೆಯಿತು. ಅದಕ್ಕಾಗಿ ಒಳಗಿನಿಂದ ಗಟ್ಟಿಯಾಗಿ ನಿಂತವರಲ್ಲಿ ಬಾರ್ಬರಾ ರಯಾನ್ ಒಬ್ಬರು. ಹೊಸ ಯಂತ್ರ ಕಟ್ಟಲಿಲ್ಲ, ಹೊಸ ರಾಕೆಟ್ ಹಾರಿಸಲಿಲ್ಲ. ಬಾಗಿಲು ತೆಗೆದರು ಅಷ್ಟೇ. ಕಾಡು, ಕೆರೆ, ಬೆಳೆಯ ಅಧ್ಯಯನಗಳು ಆಮೇಲೆ ಎಷ್ಟೋ ಪಟ್ಟು ಹೆಚ್ಚಿದವು. ನಾನು ಇವರನ್ನೂ ಬಾಹ್ಯಾಕಾಶದ ನಾಯಕರ ಸಾಲಿನಲ್ಲೇ ಇಡುತ್ತೇನೆ.

ನಮ್ಮ ತಮ್ಮನ ಕೈಯಲ್ಲಿರುವ ಫೋನಿನ ಬಗ್ಗೆಯೂ ಒಂದು ಮಾತು. ಪ್ರತಿ ಹಂಗಾಮಿಗೆ ಅವನು ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆ ಆ್ಯಪ್ ತೆಗೆಯುತ್ತಾನೆ. ಸರ್ವೆ ನಂಬರ್ ಹಾಕುತ್ತಾನೆ, ಬೆಳೆಯ ಫೋಟೊ ಹೊಡೆಯುತ್ತಾನೆ. ಅವನು ಎಲ್ಲಿ ನಿಂತಿದ್ದಾನೆ ಎಂದು ಆ್ಯಪ್‌ಗೆ ಹೇಳುವುದು ಜಿಪಿಎಸ್. 2000ದ ಮೇ ತಿಂಗಳವರೆಗೆ ಸಾರ್ವಜನಿಕರಿಗೆ ಸಿಗುವ ಜಿಪಿಎಸ್ ಸಿಗ್ನಲ್ಲನ್ನು ಅಮೆರಿಕ ಬೇಕೆಂದೇ ಕೆಡಿಸುತ್ತಿತ್ತು. ನೂರು ಮೀಟರ್‌ನಷ್ಟು ತಪ್ಪು ಬರಬಹುದಿತ್ತು. ಹಾಗಿದ್ದರೆ ಇವನ ತೊಗರಿ ಪಕ್ಕದವರ ಜೋಳದ ಲೆಕ್ಕಕ್ಕೆ ಹೋಗುತ್ತಿತ್ತು. ಆ ಕೆಡಿಸುವಿಕೆಯನ್ನು ನಿಲ್ಲಿಸಿದ್ದು ಒಂದು ಆಡಳಿತದ ತೀರ್ಮಾನ. ಇನ್ನು ಫೋನಿನ ಕ್ಯಾಮೆರಾ. ತೊಂಬತ್ತರ ದಶಕದಲ್ಲಿ ನಾಸಾದ ಮುಖ್ಯಸ್ಥರಾಗಿದ್ದ ಡ್ಯಾನ್ ಗೋಲ್ಡಿನ್, ನೌಕೆಗಳು ಸಣ್ಣವಾಗಬೇಕು, ಅಗ್ಗವಾಗಬೇಕು, ಬೇಗ ತಯಾರಾಗಬೇಕು ಎಂದು ಹಟ ಹಿಡಿದರು. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎರಿಕ್ ಫೋಸಮ್ ಮತ್ತು ಅವರ ತಂಡ ನೌಕೆಯ ಕ್ಯಾಮೆರಾವನ್ನು ಸಣ್ಣ ಚಿಪ್ಪಿಗೆ ಇಳಿಸಲು ಹೊರಟರು. ಅಲ್ಲಿ ಪಳಗಿದ, ಬೆಳಕನ್ನು ಚಿತ್ರವಾಗಿಸುವ ಸಿಮೊಸ್ ಸೆನ್ಸರ್ ಚಿಪ್ಪು ಇವತ್ತು ಎಲ್ಲರ ಜೇಬಿನಲ್ಲಿದೆ. ಗೋಲ್ಡಿನ್ ಅವರ ಆ ಹಟದಿಂದ ಕೆಲವು ಮಂಗಳ ನೌಕೆಗಳು ಕೈಕೊಟ್ಟವು ಅನ್ನುವುದೂ ನಿಜ. ಆದರೂ ಈ ಒಂದು ಫಲ ಚಿಕ್ಕದಲ್ಲ.

ಹೀಗೆ ಎಣಿಸುತ್ತ ಹೋಗಬಹುದು. ಪ್ರವಾಹವನ್ನೇ ತೆಗೆದುಕೊಳ್ಳಿ. 2020ರ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಆಂಧ್ರದ ದಂಡೆ ದಾಟಿ, ಹೈದರಾಬಾದನ್ನು ಮುಳುಗಿಸಿ, ನಮ್ಮ ಮೇಲೆ ಬಂತು. ಅದು ಬರುವುದು ಉಪಗ್ರಹದ ಚಿತ್ರಗಳಲ್ಲಿ ದಿನಗಳ ಮೊದಲೇ ಕಂಡಿತ್ತು. ಇನ್ಸಾಟ್-3ಡಿ ಸಾಲಿನ ಉಪಗ್ರಹಗಳು 36,000 ಕಿಲೋಮೀಟರ್ ಎತ್ತರದಿಂದ ಅರ್ಧ ಗಂಟೆಗೊಮ್ಮೆ ಮೋಡಗಳ ಚಿತ್ರ ಕಳಿಸುತ್ತವೆ. ಆದರೆ ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ಕಡೆಯ ಊರುಗಳಲ್ಲಿ ನೀರು ಹೊಸ್ತಿಲಿಗೆ ಬಂದ ಮೇಲೆ ಗಂಟು ಮೂಟೆ ಕಟ್ಟಿದವರು ಎಷ್ಟೋ ಮಂದಿ. ಮೇಲಿನಿಂದ ಮಹಾರಾಷ್ಟ್ರದ ಅಣೆಕಟ್ಟಿನ ನೀರು ಬೇರೆ. ಕಾಕಾ ಕೇಳಿದ್ದು ನನಗೆ ನೆನಪಿದೆ. "ಮ್ಯಾಲಿಂದ ಎಲ್ಲಾ ಕಾಣ್ತದ ಅಂತಿ. ಮತ್ತ ನಮಗ್ಯಾಕ ಹೇಳ್ಲಿಲ್ಲ?"

ಅವರ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹೇಳುವ ವ್ಯವಸ್ಥೆ ಇಲ್ಲವೆಂದಲ್ಲ. ಮೊಬೈಲಿಗೆ ಸಂದೇಶ ಬರುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುವ ಯಂತ್ರಗಳಿವೆ. ವರುಣ ಮಿತ್ರ ಸಹಾಯವಾಣಿ ಇದೆ. ಸಿಡಿಲಿನ ಮುನ್ಸೂಚನೆಗೆ ಆ್ಯಪ್ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಅಡ್ಡ ಮಳೆಯ ಸಿಡಿಲಿಗೆ ಬೀದರ್, ಕಲಬುರಗಿಯಲ್ಲಿ ದನ ಕಾಯುವವರು ಸಾಯುವುದು ಪ್ರತಿ ವರ್ಷದ ಸುದ್ದಿ. ಅಂಥ ಆ್ಯಪ್ ನಿಜವಾಗಿ ಜೀವ ಉಳಿಸಬಲ್ಲದು. ಆದರೆ ದನ ಕಾಯುವವನ ಕೈಯಲ್ಲಿ ಕೀಪ್ಯಾಡ್ ಫೋನು. ಅವನಿಗೆ ಆ್ಯಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

1975ರಲ್ಲಿ ಕಥೆ ತಿರುಗುಮುರುಗಾಗಿತ್ತು. ಆಕಾಶದಲ್ಲಿ ಇದ್ದದ್ದು ಒಂದು ಉಪಗ್ರಹ, ಅದೂ ಕಡ ತಂದದ್ದು. ಆದರೆ ಕೆಳಗೆ ಇಡೀ ಸರಪಳಿ ಇತ್ತು. ಜಾಲರಿಯ ಡಿಶ್, ಅದನ್ನು ನೋಡಿಕೊಳ್ಳುವ ಒಬ್ಬ ಮಾಸ್ತರ್, ಕೆಟ್ಟರೆ ಜೀಪಿನಲ್ಲಿ ಬರುವ ಮೆಕ್ಯಾನಿಕ್, ನಮ್ಮ ಮಾತಿನಲ್ಲಿ ಕಾರ್ಯಕ್ರಮ ಮಾಡುವವರು, ತಿಳಿಯಿತೇ ಎಂದು ಕೇಳುವವರು. ಇವತ್ತು ಆಕಾಶದ ತುಂಬ ಉಪಗ್ರಹಗಳಿವೆ. ಕೆಳಗಿನ ಸರಪಳಿಯ ಕೊಂಡಿಗಳು ಕಳಚಿವೆ. ನೆಟೆ ರೋಗ ಬಿದ್ದ ವರ್ಷ ಇದು ಎದ್ದು ಕಂಡಿತು. ಆ ಹೊತ್ತಿಗೆ, ನವೆಂಬರ್ ಡಿಸೆಂಬರ್‌ನಲ್ಲಿ, ನಮ್ಮ ಆಕಾಶ ಶುಭ್ರವಾಗಿರುತ್ತದೆ. ಮೋಡದ ಅಡ್ಡಿ ಕಡಿಮೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ ಹತ್ತು ಮೀಟರ್ ವಿವರದ ಚಿತ್ರ ಉಚಿತವಾಗಿ ಕೊಡುತ್ತವೆ. ಅದನ್ನು ಇಳಿಸಿಕೊಂಡು, ಯಾವ ಹೊಲ ಯಾವ ವಾರ ಬಾಡಿತು ಎಂದು ತಾಲ್ಲೂಕಿನಲ್ಲೇ ಕೂತು ನೋಡಬಹುದು. ರೋಗಕ್ಕೆ ಅದರಿಂದ ಮದ್ದು ಸಿಗುವುದಿಲ್ಲ. ಮಣ್ಣಿನ ರೋಗಕ್ಕೆ ತಡೆಯುವ ತಳಿ, ಬೆಳೆ ಬದಲಾವಣೆ, ಬೀಜೋಪಚಾರವೇ ದಾರಿ. ಆದರೆ ಎಲ್ಲಿ ಎಷ್ಟು ನಷ್ಟ ಎಂಬ ಲೆಕ್ಕ ಬೇಗ ಸಿಗುತ್ತದೆ. ಮುಂದಿನ ವರ್ಷ ಯಾವ ಹೊಲದಲ್ಲಿ ತೊಗರಿ ಹಾಕಬಾರದು ಎಂಬ ಸಲಹೆಗೆ ಆಧಾರ ಸಿಗುತ್ತದೆ.

ಸಾರಾಭಾಯಿ 1968ರಲ್ಲಿ ತುಂಬಾದಲ್ಲಿ ಹೇಳಿದ ಮಾತು ಬಹಳ ಸಲ ಓದಿದ್ದೇನೆ. ಚಂದ್ರನಿಗೆ, ಗ್ರಹಗಳಿಗೆ ಹೋಗುವುದರಲ್ಲಿ ಶ್ರೀಮಂತ ದೇಶಗಳ ಜೊತೆ ಪೈಪೋಟಿ ಮಾಡುವ ಭ್ರಮೆ ನಮಗಿಲ್ಲ, ನಮ್ಮ ಸಮಾಜದ ಕಷ್ಟಗಳಿಗೆ ಮುಂದುವರಿದ ತಂತ್ರಜ್ಞಾನ ಬಳಸುವುದರಲ್ಲಿ ಯಾರಿಗೂ ಕಡಿಮೆ ಇರಬಾರದು ಎಂಬ ಅರ್ಥದ ಮಾತು. ಹಾಗಾದರೆ ಚಂದ್ರಯಾನ ಆ ಮಾತಿಗೆ ವಿರುದ್ಧವೇ? ತರಗತಿಯಲ್ಲಿ ಒಬ್ಬ ಹುಡುಗಿ ಇದನ್ನು ಕೇಳಿದಳು. ನನಗೆ ಹಾಗನಿಸುವುದಿಲ್ಲ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದಾಗ ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳು ಕುಣಿದದ್ದನ್ನು ನಾನು ನೋಡಿದ್ದೇನೆ. ಅದರಲ್ಲಿ ಗೌಂಡಿಯ ಮಗಳೂ ಇದ್ದಳು, ಹಮಾಲಿ ಮಾಡುವವರ ಮಗನೂ ಇದ್ದ. ಆ ಖುಷಿಗೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ. ಅಲ್ಲದೆ ಚಂದ್ರನಿಗೆ ಹೋಗುವ ಸಂಸ್ಥೆಗೇ ಒಳ್ಳೆಯ ಎಂಜಿನಿಯರ್‌ಗಳು ಬರುತ್ತಾರೆ, ಉಳಿಯುತ್ತಾರೆ. ನನ್ನ ಚಿಂತೆ ಬೇರೆ. ಚಂದ್ರನ ಸುದ್ದಿಗೆ ಸಿಗುವ ಚಪ್ಪಾಳೆ ನೆಲ ನೋಡುವ ಉಪಗ್ರಹಕ್ಕೆ ಸಿಗುವುದಿಲ್ಲ. ಚಪ್ಪಾಳೆ ಎಲ್ಲಿದೆಯೋ ಅಲ್ಲಿಗೆ ದುಡ್ಡು, ಗಮನ, ಜಾಣ ಹುಡುಗರು ಹೋಗುತ್ತಾರೆ. ಈ ಎಳೆತವನ್ನು ತಡೆದು ಹಿಡಿಯಬೇಕಾದವರು ಮುಂದಿನ ನಾಯಕರು.

ಖಾಸಗಿಯವರ ಬಗ್ಗೆಯೂ ಹೀಗೇ. ಇಲಾನ್ ಮಸ್ಕ್ ಅವರ ಕಂಪನಿ 2015ರ ಡಿಸೆಂಬರ್‌ನಲ್ಲಿ ಫಾಲ್ಕನ್-9ರ ಮೊದಲ ಹಂತವನ್ನು ಸುರಕ್ಷಿತವಾಗಿ ನೆಲಕ್ಕೆ ಇಳಿಸಿದ ಮೇಲೆ ಆಕಾಶಕ್ಕೆ ಹೋಗುವ ಖರ್ಚಿನ ಲೆಕ್ಕವೇ ಬದಲಾಯಿತು. ಬೆಂಗಳೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ತನ್ನ ಮೂರು ಫೈರ್‌ಫ್ಲೈ ಉಪಗ್ರಹಗಳನ್ನು ಕಳಿಸಿದ್ದು ಅದೇ ರಾಕೆಟ್ಟಿನಲ್ಲಿ. ನೂರಕ್ಕೂ ಹೆಚ್ಚು ಬಣ್ಣಪಟ್ಟಿಗಳಲ್ಲಿ ನೆಲವನ್ನು ನೋಡುವ ಕ್ಯಾಮೆರಾ ಅವು. ಬೆಳೆಯ ರೋಗ ಹಿಡಿಯಲು ಇದಕ್ಕಿಂತ ಒಳ್ಳೆಯ ಕಣ್ಣು ಬೇಕಿಲ್ಲ. ಇದನ್ನು ಕಟ್ಟಿದ ಯುವಕರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಆ ಚಿತ್ರ ಮೊದಲು ಯಾರ ಮೇಜಿಗೆ ಹೋಗುತ್ತದೆ? ಕೊಳ್ಳುವ ಶಕ್ತಿ ಇದ್ದವರ ಮೇಜಿಗೆ. ಆಳಂದದ ಎರಡು ಎಕರೆ ರೈತನಿಗಾಗಿ ಅದನ್ನು ಕೊಳ್ಳುವವರು ಯಾರು ಎಂಬುದನ್ನು ಕಂಪನಿ ತೀರ್ಮಾನ ಮಾಡಲಾರದು. ಅದು ಸರ್ಕಾರದ, ನಮ್ಮ ವಿಶ್ವವಿದ್ಯಾಲಯಗಳ ಕೆಲಸ.

2025ರ ಜುಲೈ 30ರಂದು ಶ್ರೀಹರಿಕೋಟದಿಂದ ನಿಸಾರ್ ಹಾರಿತು. ನಾಸಾ ಮತ್ತು ಇಸ್ರೊ ಸೇರಿ ಕಟ್ಟಿದ ರಾಡಾರ್ ಉಪಗ್ರಹ. ನಮ್ಮ ಹಳ್ಳಿಗಳಲ್ಲಿ ಟಿವಿ ಶುರುವಾಗಿ ಐವತ್ತು ವರ್ಷ ತುಂಬಲು ಎರಡೇ ದಿನ ಬಾಕಿ ಇತ್ತು. ಜಾಲರಿಯ ಡಿಶ್‌ನ ಆ ಪ್ರಯೋಗ ನಡೆಸಿದ ಅಹಮದಾಬಾದಿನ ಅದೇ ಕೇಂದ್ರ ನಿಸಾರ್‌ನ ಎಸ್-ಬ್ಯಾಂಡ್ ರಾಡಾರ್ ಮಾಡಿದೆ. ಎಲ್-ಬ್ಯಾಂಡ್ ರಾಡಾರ್ ಅಮೆರಿಕದ್ದು. ಮೋಡ ಇರಲಿ, ಕತ್ತಲಿರಲಿ, ಇದು ನೆಲವನ್ನು ನೋಡುತ್ತದೆ. ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ಎರೆ ಮಣ್ಣಿನ ತೇವ, ಬೆಳೆಯ ಬೆಳವಣಿಗೆ, ಭೀಮೆಯ ನೀರು ಎಲ್ಲಿವರೆಗೆ ಹರಡಿದೆ, ಎಲ್ಲ ಗೊತ್ತಾಗುತ್ತದೆ. ಮಾಹಿತಿ ಎಲ್ಲರಿಗೂ ಉಚಿತ ಎಂದು ಮೊದಲೇ ಹೇಳಿದ್ದಾರೆ. ಜುಲೈ ಆಗಸ್ಟ್‌ನಲ್ಲಿ ಮೋಡದಿಂದ ಕ್ಯಾಮೆರಾದಲ್ಲಿ ನೋಡುವ ಉಪಗ್ರಹಗಳಿಗೆ ನಮ್ಮ ಹೊಲ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಮುಂಗಾರು ಬೇಸಾಯದ ನಮ್ಮಂಥ ಜಿಲ್ಲೆಗೆ ಇದು ಹೇಳಿ ಮಾಡಿಸಿದಂತಿದೆ.

ಬೆಂಗಳೂರಿನಲ್ಲಿ ಕೂತು ಇದನ್ನು ಬಳಸುವವರು ತಾವಾಗಿಯೇ ಬಳಸುತ್ತಾರೆ. ನಮ್ಮಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದ ಇದೆ. ಕಂಪ್ಯೂಟರ್ ಕಲಿತು ಕೆಲಸಕ್ಕೆ ಪುಣೆ, ಹೈದರಾಬಾದಿಗೆ ರೈಲು ಹತ್ತುವ ಹುಡುಗ ಹುಡುಗಿಯರು ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಕೆಲವರನ್ನು ತಾಲ್ಲೂಕಿಗೆ ಇಬ್ಬರಂತೆ ಇಟ್ಟುಕೊಂಡರೂ ಸಾಕು. ಹದಿನೈದು ದಿನಕ್ಕೊಮ್ಮೆ ನಮ್ಮ ಹೋಬಳಿಯ ನಕ್ಷೆ, ಕನ್ನಡದಲ್ಲಿ, ಎಲ್ಲಿ ತೇವ ಇದೆ, ಎಲ್ಲಿ ಬೆಳೆ ಬಾಡುತ್ತಿದೆ ಎಂದು ಬಣ್ಣದಲ್ಲಿ ತೋರಿಸಿ ಪಂಚಾಯಿತಿ ಗೋಡೆಗೆ ಹಚ್ಚಬಹುದು. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆ. ಧ್ವನಿ ಸಂದೇಶ ಮಾಡಿ ಕೀಪ್ಯಾಡ್ ಫೋನಿಗೂ ಕಳಿಸಬಹುದು. ಖರ್ಚು ದೊಡ್ಡದಲ್ಲ. ಬೇಕಿರುವುದು ಇದು ನನ್ನ ಕೆಲಸ ಎಂದು ಎದ್ದು ನಿಲ್ಲುವ ಒಬ್ಬ ಅಧಿಕಾರಿ, ಒಬ್ಬ ಪ್ರಾಧ್ಯಾಪಕ, ಒಬ್ಬ ಪಂಚಾಯಿತಿ ಅಧ್ಯಕ್ಷೆ.

ಶಾಲೆಯಿಂದ ನಾವು ಸಣ್ಣದಾಗಿ ಶುರು ಮಾಡಿದ್ದೇವೆ. ಒಂಬತ್ತನೇ ತರಗತಿಯ ಮಕ್ಕಳು ತಮ್ಮ ತಮ್ಮ ಊರಿನ ಸೆಂಟಿನೆಲ್ ಚಿತ್ರ ಇಳಿಸಿಕೊಂಡು, ಕಂಡದ್ದನ್ನು ಹೊಲಕ್ಕೆ ಹೋಗಿ ನೋಡಿ ಬರುತ್ತಾರೆ. ಚಿತ್ರ ಹೇಳಿದ್ದಕ್ಕೂ ಹೊಲದಲ್ಲಿ ಇದ್ದದ್ದಕ್ಕೂ ಎಲ್ಲಿ ಹೊಂದುವುದಿಲ್ಲವೋ ಅದನ್ನು ಬರೆದಿಡುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಆ ನಕ್ಷೆಗಳನ್ನು ಇಟ್ಟು, ಪಂಚಾಯಿತಿಯಿಂದಲೇ ಇದನ್ನು ನಡೆಸಿ ಎಂದು ಕೇಳುವುದೆಂದು ಗೊತ್ತು ಮಾಡಿದ್ದೇವೆ. ಕಾಕಾ ಬರುತ್ತೇನೆ ಎಂದಿದ್ದಾರೆ. ಪ್ರವಾಹದ ಪ್ರಶ್ನೆಯನ್ನು ಅವರೇ ಎದ್ದು ನಿಂತು ಕೇಳಲಿದ್ದಾರೆ.